ಇಳಿದುಹೋದ ಷಡ್ಜ

ಮೇಲಿನ ಮನೆಯ ಹುಡುಗಿ ಸಂಗೀತ ಕಲಿಯತೊಡಗಿದ್ದಾಳೆಂದು ನನಗೆ ತಿಳಿಯುವ ಮೊದಲೇ ನಾನು ಫ್ರಿಜ್ ರಿಪೇರಿಯವನಿಗೆ ಫೋನ್ ಮಾಡಿಯಾಗಿತ್ತು. ಬೆಳಿಗ್ಗೆ ಆರಕ್ಕೆ ಎಲ್ಲಿಂದಲೋ ಗುಂಯ್ ಎನ್ನುವ ಸದ್ದು. ಫ್ರಿಜ್‌ಗೆ ಕಿವಿಯಿಟ್ಟೆ, ನೀರಿನ ಪಂಪೇನೋ ಎಂದು ವಾಚ್‌ಮನ್‌ನನ್ನು ಎಬ್ಬಿಸಿದೆ, ಕೊನೆಗೆ ಇನ್ನೇನು ಬಿಲ್ಡಿಂಗೇ ಬೀಳುತ್ತದೆಂದು ಹೆದರಿ ಕೂತಾಗ ಆ ಸದ್ದಿನ ಮೇಲೆ ಒಂದು ಎಳೆಯ ದನಿ 'ಸ' ಹಿಡಿಯಿತು. ಶ್ರುತಿ. ಈಗ ಅದು ಮೊಬೈಲಿನಲ್ಲೇ ಬರುತ್ತದಂತೆ. ಸಂಗೀತದ ಟೀಚರ್‌ ಮಗಳಾದ ನನಗೇ ಶ್ರುತಿಗೂ ಫ್ರಿಜ್‌ಗೂ ವ್ಯತ್ಯಾಸ ತಿಳಿಯಲಿಲ್ಲವೆಂದರೆ, ಅಮ್ಮ ನನ್ನ ಬಗ್ಗೆ ಹೇಳುತ್ತಿದ್ದುದೆಲ್ಲ ನಿಜವಿರಬೇಕು.

ಮುಂಬೈಯ ಆಂಟಾಪ್ ಹಿಲ್‌ನ ನಮ್ಮ ಎರಡು ಕೋಣೆಯ ಮನೆ ಈಗಿಲ್ಲ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು: ಕೆಡವಿಯಾದ ಮೇಲೂ ಕತ್ತಲಲ್ಲಿ ಸ್ವಿಚ್ಚು ಎಲ್ಲಿದೆಯೆಂದು ಕೈಗೆ ನೆನಪಿರುವಂಥದು. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಅಲ್ಲಿಗೆ ದಾದರ್‌ನಿಂದ ಸುಶೀಲಾಬಾಯಿ, ಭಾಂಡುಪ್‌ನಿಂದ ಪದ್ಮಕ್ಕ ಬರುತ್ತಿದ್ದರು. ಅಮ್ಮನೂ ಸೇರಿ ಮೂವರೂ ಮನೆಯಲ್ಲೇ ಸಂಗೀತ ಪಾಠ ಹೇಳುವವರು. ಧಾರವಾಡದ ಸುಶೀಲಾಬಾಯಿಯದು ಹಿಂದೂಸ್ತಾನಿ, ಉಡುಪಿಯ ಪದ್ಮಕ್ಕನದು ಹೆಚ್ಚಾಗಿ ದೇವರನಾಮ, ಮೈಸೂರಿನ ಅಮ್ಮನದು ಕರ್ನಾಟಕ ಸಂಗೀತ. ಬಾಡಿದ ಮಲ್ಲಿಗೆ, ಲೋಕಲ್ ರೈಲಿನಲ್ಲಿ ನಿಂತು ಬಂದ ಬೆವರು, ಅಮ್ಮನ ಡಿಕಾಕ್ಷನ್ ಎಲ್ಲ ಸೇರಿ ಕೋಣೆಗೆ ಬೇರೆಯದೇ ಒಂದು ವಾಸನೆ ಬರುತ್ತಿತ್ತು. ಅವರದು ಒಂದೇ ನಿಯಮ: ಚೆನ್ನಾಗಿ ಹಾಡುವ ಶಿಷ್ಯರ ಸುದ್ದಿ ಎತ್ತಬಾರದು, ತಮ್ಮಿಂದ ಕಲಿಸಲಾಗದ್ದನ್ನು ಮಾತ್ರ ತರಬೇಕು. ಸುಶೀಲಾಬಾಯಿ ತಾಳ ಬಿಟ್ಟು ಓಡುವ ಡಾಕ್ಟರರೊಬ್ಬರ ಕಷ್ಟ ತಂದರೆ, ಪದ್ಮಕ್ಕ ಬಾಯಿ ತೆರೆಯದೆ ಹಾಡುವ ಹೊಸ ಸೊಸೆಯೊಬ್ಬಳದನ್ನು. ಅಮ್ಮ ಪ್ರತಿ ಸಲವೂ ನನ್ನನ್ನೇ. ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಗೆ, ಏರುವಾಗ ನನ್ನ ದನಿ ಕೂದಲೆಳೆಯಷ್ಟು ಕೆಳಗೇ ನಿಲ್ಲುತ್ತಿತ್ತು. ಹಾಗಾಗಿ ಮೂವರ ಹೊಸ ಉಪಾಯಗಳೆಲ್ಲ ಮೊದಲು ನನ್ನ ಮೇಲೇ ಪ್ರಯೋಗವಾಗುತ್ತಿದ್ದವು. "ಈ ಹುಡುಗಿಗೆ ಬಂತಂದ್ರ ಮುಂಬೈಗೆಲ್ಲಾ ಬಂದಂಗ್ರೀ," ಎಂದು ಸುಶೀಲಾಬಾಯಿ ನನ್ನ ಗಲ್ಲ ಹಿಂಡುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ಒಂದು ಶನಿವಾರ ಪದ್ಮಕ್ಕ ನಮ್ಮ ಸೀಲಿಂಗಿನ ಕೆಳಗಿನ ಬಟ್ಟೆ ಹಗ್ಗವನ್ನೂ ಮೂಲೆಯ ಕೋಲನ್ನೂ ತೋರಿಸಿದರು. "ಅಮ್ಮನ ಸೀರೆ ಹೇಗೆ ಒಣಗ್ಲಿಕ್ಕೆ ಹಾಕ್ತಿ? ಹಗ್ಗಕ್ಕಿಂತ ಮೇಲೆ ಎತ್ತಿ, ಮತ್ತೆ ಮೆಲ್ಲ ಇಳಿಸುದಲ್ವಾ? ಸ್ವರವೂ ಹಾಗೇ. ಮೇಲಿಂದ ಬಾ." ನಾನು ಕಣ್ಣು ಮುಚ್ಚಿ, ದನಿಯನ್ನು ಒದ್ದೆ ಸೀರೆಯಂತೆ ಎತ್ತಿ ಇಳಿಸಿದೆ. ಶ್ರುತಿಪೆಟ್ಟಿಗೆಯ ಸದ್ದೂ ನನ್ನ ದನಿಯೂ ಬೇರೆಬೇರೆಯಾಗಿ ಕೇಳಿಸಲೇ ಇಲ್ಲ. ನಾನು ಹಾಡುತ್ತಿಲ್ಲವೇನೋ ಎಂದು ಗಾಬರಿಯಾಯಿತು. ಸುಶೀಲಾಬಾಯಿಯ ಕಾಫಿ ಲೋಟ ಅರ್ಧ ದಾರಿಯಲ್ಲಿ ನಿಂತಿತ್ತು. ಅಮ್ಮ ಮಾತ್ರ, "ಇಳೀತು ಕಣೇ. ಇನ್ನೊಂದು ಸಲ," ಎಂದಳು. ಇನ್ನೊಂದು ಸಲವೂ ಹಾಗೇ ಬಂತು. "ಇನ್ನೂ ಇಳೀತು." ಉಳಿದಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಶೀಲಾಬಾಯಿ ಲೋಟ ಕೆಳಗಿಟ್ಟು, "ಹೌದ್ರೀ, ಸ್ವಲ್ಪ ಇಳೀತು," ಎಂದರು. ತಮ್ಮ ಉಪಾಯ ಈ ಮಗುವಿಗೆ ಆಗುವಂಥದ್ದಲ್ಲ ಎಂದು ಪದ್ಮಕ್ಕನೂ ಒಪ್ಪಿಕೊಂಡರು.

ಮೂವರು ಟೀಚರುಗಳು ಒಟ್ಟಿಗೆ ಹೇಳಿದ ಮೇಲೆ ಇನ್ನೇನು? ನಾನು ಹಾಡುವುದನ್ನೇ ಬಿಟ್ಟೆ. ಅದಾದ ಮೇಲೆ ಪದ್ಮಕ್ಕ ವಾರಕ್ಕೆರಡು ಸಲ ಅಮ್ಮನ ಕ್ಲಾಸಿಗೇ ಬರತೊಡಗಿದರು. ಪಾಠದ ಕ್ರಮ ಕಲಿಯಬೇಕೆಂಬ ನೆಪ ಹೇಳಿ ಅಮ್ಮನ ಬೆನ್ನ ಹಿಂದೆ ಕೂತು, ಮಡಿಲಲ್ಲಿ ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡುತ್ತಿದ್ದರು. ಮಕ್ಕಳು ಅದನ್ನು ನೋಡಿ ಸ್ವರ ಸರಿಮಾಡಿಕೊಳ್ಳುತ್ತಿದ್ದರು. ಈಕೆ ನಮ್ಮ ಶಿಷ್ಯರನ್ನೆಲ್ಲ ಭಾಂಡುಪ್‌ಗೆ ಎಳೆದುಕೊಂಡು ಹೋಗುತ್ತಾಳೆಂಬ ಚಿಂತೆಯಲ್ಲಿ ನಾನು ಊಟ ಬಿಟ್ಟೆ. ಯಾರೂ ಹೋಗಲಿಲ್ಲ. ಅಮ್ಮ ಹಾಗೆಯೇ ಆರು ವರ್ಷ ಕ್ಲಾಸು ನಡೆಸಿ, ಟೀಚರ್ ಆಗಿಯೇ ತೀರಿಕೊಂಡಳು.

ಸುಶೀಲಾಬಾಯಿಯೂ ಈಗಿಲ್ಲ. ಮೇಲಿನ ಮನೆಯ ಹುಡುಗಿಯ ದೆಸೆಯಿಂದ ನಿದ್ದೆ ಕೆಟ್ಟು, ಹೋದ ವಾರ ನಾನು ಭಾಂಡುಪ್‌ಗೆ ಹೋದೆ. ಪದ್ಮಕ್ಕ ಹಾಸಿಗೆಯ ಮೇಲೆ ದಿಂಬಿಗೆ ಒರಗಿದ್ದರು. ಆ ಶನಿವಾರ ನಾನು ನಿಜವಾಗಿ ಇಳಿದಿದ್ದೆನೇ ಎಂದು ಕೇಳಿದೆ.

"ಸರಿಯೇ ಇತ್ತು ಮಗಾ," ಎಂದರು. "ನಿನ್ನಮ್ಮನ ಕಿವಿ ಅದಾಗಲೇ ಹೋಗ್ತಾ ಇತ್ತು. ಕ್ಲಾಸು ಬಿಟ್ರೆ ಅವಳಿಗೆ ಎಂತ ಇತ್ತು ಹೇಳು?"

ನನಗಾದರೂ ಗುಟ್ಟಿನಲ್ಲಿ ಹೇಳಬಹುದಿತ್ತಲ್ಲ ಎಂದೆ. ನೀನು ಎಲ್ಲವನ್ನೂ ಮುಖದಲ್ಲೇ ತೋರಿಸುವ ಹುಡುಗಿ, ಅಮ್ಮನಿಗೆ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು ಎಂದರು. ಸಿಟ್ಟು ಮಾಡಬೇಕೋ, ಕಾಲು ಮುಟ್ಟಬೇಕೋ ತಿಳಿಯದೆ ಅವರ ಹೊದಿಕೆಯ ಅಂಚು ಸರಿಮಾಡಿದೆ.

"ಈಗ ಒಮ್ಮೆ ಹಾಡು, ನೋಡುವ."

ಬೇಡವೆಂದೆ. ಆಮೇಲೆ ಹಾಡಿದೆ. ಐವತ್ತರ ಗಂಟಲು, ಎಲ್ಲಿಗೆ ಏರಿತೋ ಎಲ್ಲಿಗೆ ಇಳಿಯಿತೋ. ಪದ್ಮಕ್ಕ ಕಣ್ಣು ಮುಚ್ಚಿಕೊಂಡೇ, "ಸರಿ ಉಂಟು," ಎಂದರು.

ಅವರು ಎಂಥ ಸುಳ್ಳು ಹೇಳಬಲ್ಲರೆಂದು ನನಗೆ ತಿಳಿದು ಐದು ನಿಮಿಷವೂ ಆಗಿರಲಿಲ್ಲ. ನಂಬಲೋ ಬೇಡವೋ? ಪಕ್ಕದಿಂದ ಇನ್ನೊಂದು ಅಭಿಪ್ರಾಯ ಕೊಡಲು ಸುಶೀಲಾಬಾಯಿ ಇಲ್ಲ. "ಇಳೀತು ಕಣೇ, ಇನ್ನೊಂದು ಸಲ" ಎನ್ನಲು ಅಮ್ಮನಿಲ್ಲ. ಅಮ್ಮನ ಆ ತಪ್ಪು ಮಾತನ್ನೇ ಇನ್ನೊಮ್ಮೆ ಕೇಳಬೇಕೆನ್ನಿಸಿತು.