ಶಾಂತಾ ಮೇಡಂ ಬಿಡಿಸಿಕೊಂಡ ದಿಬ್ಬ

ಶಾಂತಾ ಮೇಡಂ ಮಣ್ಣು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕದ್ದುಮುಚ್ಚಿ ಅಲ್ಲ, ಇಡೀ ಊರಿನೆದುರು. ಬತ್ತಿದ ಕೆರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಉಗುರಿನಿಂದ ಒಂದು ಚೂರು ಕೆದರಿ, ಮುಂದಿನ ಹಲ್ಲುಗಳ ನಡುವೆ ಇಟ್ಟು ಕಣ್ಣು ಮುಚ್ಚುವರು. ಕರಕರ ಎಂದರೆ ಸಣ್ಣ ಮರಳು; ಬೆಣ್ಣೆಯ ಹಾಗೆ ಜಾರಿದರೆ ಜೇಡಿ. ಆಮೇಲೆ ಪಕ್ಕಕ್ಕೆ ಉಗುಳಿ, ಸಾರಿನ ಉಪ್ಪು ನೋಡಿದವರಂತೆ ತಲೆ ಆಡಿಸುವರು.

"ಬಾಯಾರಿಗೆ ಬಸರಬಯಕಿ ಏನವಾ?" ಎಂದು ಕೆರೆಯ ದಂಡೆಯ ಮೇಲಿದ್ದ ಮುದುಕಿಯೊಬ್ಬಳು ಕಿಚಾಯಿಸಿದಳು.

"ಹೂಂ ಆಯಿ, ಭಾಳ ಹಳೇ ಬಯಕಿ. ಇನ್ನೂ ಹಡದಿಲ್ಲ," ಎಂದರು ಮೇಡಂ. ಆಗಲೇ ಅವರ ತಲೆ ಅರ್ಧ ನರೆತಿತ್ತು.

ನನಗೆ ಅವರ ಪರಿಚಯವಾದದ್ದು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ. ನಾನು ದಸ್ತಗೀರ. ಲಾರಿ ಕ್ಲೀನರ್ ಆಗಿ ಶುರು ಮಾಡಿ, ಬೈಲಹೊಂಗಲದಲ್ಲಿ ಸ್ವಂತ ಟ್ರ್ಯಾಕ್ಟರ್ ಇಟ್ಟು ಬಾಡಿಗೆಗೆ ಓಡಿಸುವ ಹಂತಕ್ಕೆ ಬಂದವನು. ಚೌಕಾಸಿ ಮಾಡದೆ ಉಪ್ಪೂ ಕೊಂಡವನಲ್ಲ. ಮೇಡಂ ತಮ್ಮ ಪೈಪು, ಸರಪಳಿ, ಮೂರು ಕಾಲಿನ ಕಬ್ಬಿಣದ ಮುಕ್ಕಾಲಿ ಸಾಗಿಸುವ ಗಾಡಿ ಕೇಳಲು ಬಂದರು. ರಾಮದುರ್ಗದ ಕಡೆಯವರು, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವರು ಎಂದು ಗೊತ್ತಾಯಿತು. ನಾನು ಬಾಯಿಗೆ ಬಂದ ಬಾಡಿಗೆ ಹೇಳಿದೆ. ಅವರು "ಆತು" ಎಂದುಬಿಟ್ಟರು. ನನಗೆ ಬೇಸರವಾಯಿತು. ವ್ಯವಹಾರ ಅಂದರೆ ಒಂದಿಷ್ಟು ಎಳೆದಾಟ ಬೇಡವೇ?

"ಮೇಡಂ, ಹಿಂಗ ಒಪ್ಪಬಾರದ್ರಿ. ಒಮ್ಮಿ ಎದ್ದು ಬಾಗಲತನ ಹೋಗ್ರಿ. ನಾ ತಿರಗಿ ಕರೀತೇನಿ, ಆವಾಗ ಕಡಿಮಿ ಆಗತೈತಿ."

ಅವರು ಎದ್ದರು, ಬಾಗಿಲು ದಾಟಿದರು, ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು. ಬರಿಗಾಲಲ್ಲಿ ಓಡಿ ಹೋಗಿ ನಾನೇ ಹಿಡಿದು ನಿಲ್ಲಿಸಬೇಕಾಯಿತು. "ನೀವು ಕರೀಲೇ ಇಲ್ಲಲ್ರಿ?" ಎಂದು ಅವರು ನನ್ನನ್ನೇ ಕೇಳಿದರು. ಬಾಡಿಗೆ ಇಳಿಸಿದೆ. ನನ್ನ ಸಲಹೆ ಇಷ್ಟೇ: ಚೌಕಾಸಿ ಬಾರದವರ ಜೊತೆ ಚೌಕಾಸಿಗೆ ಇಳಿಯಬೇಡಿ, ನೀವೇ ಸೋಲುತ್ತೀರಿ.

ಅವರಿಗೆ ಬೇಕಾಗಿದ್ದದ್ದು ಯಾರೂ ಹೂಳು ತೆಗೆಯದ ಒಂದು ಕೆರೆ. "ಆ ಪಡುವಣ ಗುಡ್ಡದ ಮ್ಯಾಲೆ ಮಳಿ ಬೀಳತೈತಿ, ದಸ್ತಗೀರಣ್ಣ. ಒಂದ ಹಿಡಿ ಮಣ್ಣ, ಚೂರು ಹೂವಿನ ಪುಡಿ, ಅಡವಿ ಸುಟ್ಟಿದ್ರ ಅದರ ಇದ್ದಲಿ, ಎಲ್ಲಾ ಹೊತ್ಕೊಂಡ ಬಂದು ನೀರು ಇಲ್ಲಿ ಇಳಸತೈತಿ. ಒಂದರ ಮ್ಯಾಲೊಂದು, ಕೌದಿ ಹಾಸಿದಂಗ. ಅದನ್ನ ಕೆದರದಂಗ ತಗದ್ರ, ಗುಡ್ಡದಾಗ ಎಂಥಾ ಗಿಡ ಇದ್ವು, ಎಂದ ಹೋದ್ವು, ತಿಳೀತೈತಿ."

ಆದರೆ ನಮ್ಮ ರೈತರು ಬೇಸಿಗೆ ಬಂತೆಂದರೆ ಕೆರೆಯ ಹೂಳು ತೆಗೆದು ಹೊಲಕ್ಕೆ ಹಾಕುವವರು. ಮೇಡಂ ಸವದತ್ತಿ, ರಾಮದುರ್ಗದ ಕಡೆಯೆಲ್ಲ ಅಲೆದಿದ್ದರು. ಎಲ್ಲೆಡೆ ಕೌದಿ ಹರಿದಿತ್ತು. ದೇಗಾಂವದಾಚೆ ಗುಡ್ಡದ ಬುಡದ ಈ ಒಂದು ಕೆರೆ ಮಾತ್ರ ಉಳಿದಿತ್ತು. ಕಾರಣ, ಹೂಳು ಯಾರದೆಂದು ಎರಡು ಊರಿಗೆ ಅಜ್ಜಂದಿರ ಕಾಲದಿಂದ ಜಗಳ. ಯಾರೂ ಗುದ್ದಲಿ ಹಾಕಿರಲಿಲ್ಲ. ಆ ವರ್ಷವೇ ರಾಜಿಯಾಗಿತ್ತು. ಹೂಳು ಹೊರಲು ಟ್ರ್ಯಾಕ್ಟರ್ ಗೊತ್ತು ಮಾಡಿದ್ದರು. ಆ ಟ್ರ್ಯಾಕ್ಟರೂ ನನ್ನದೇ!

ಮೇಡಂ ಗಡಿಬಿಡಿಯಿಂದ ಕೆರೆಯ ನಡುವೆ ಮುಕ್ಕಾಲಿ ನಿಲ್ಲಿಸಿ, ಪೈಪುಗಳನ್ನು ಬಡಿದು ಇಳಿಸಿ, ಸರಪಳಿಯಿಂದ ಎಳೆದು ತೆಗೆದರು. ಒಳಗೆ ಮಣ್ಣು ಪದರ ಕೆಡದೆ ತುಂಬಿಕೊಂಡಿತ್ತು. ಎರಡೂ ಬಾಯಿಗೆ ಅರಿವೆ ಕಟ್ಟಿ, ಊರ ಹಿರಿಯ ಚನ್ನಪ್ಪನ ಪಡಸಾಲೆಯಲ್ಲಿ ಮಲಗಿಸಿದರು. ಹೂಳು ಎತ್ತುವ ಕೆಲಸ ಮರುದಿನ.

ಬೆಳಗ್ಗೆ ನಾನು ಗಾಡಿ ತಂದಾಗ ಪೈಪುಗಳು ಗೋಡೆಗೆ ಒರಗಿ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

ಚನ್ನಪ್ಪನ ಹೆಂಡತಿ ನೀಲವ್ವ ಹಿಗ್ಗಿನಿಂದ ಬಂದಳು. "ಬಾಯಾರ, ಬೂದಿ ಹಚ್ಚಿ ತಿಕ್ಕೇನ್ರಿ. ಒಳಗ ಬರೇ ರಾಡಿ! ಒನಕಿ ಹಾಕಿ ದೂಡೂತನಕ ಬರಲೇ ಇಲ್ಲ. ಮಣ್ಣ ಮಾತ್ರ ಭಾಳ ಜಿಗಟರಿ, ಒಲಿಗೆ ಮೆತ್ತಿಬಿಟ್ಟೆ."

ಮನೆಗೆ ಬಂದವರ ಸಾಮಾನು ಹೊಲಸಾಗಿ ತಿರುಗಿ ಹೋಗಬಾರದು. ನಮ್ಮ ಕಡೆಯ ಹೆಂಗಸರ ರೀತಿ ಅದು.

ಮೇಡಂ ಒಳಗೆ ಹೋಗಿ ಒಲೆಯ ಮುಂದೆ ಕುಳಿತರು. ಹಸಿ ಮೆತ್ತಿಗೆಯ ಮೇಲೆ ಬೆರಳಾಡಿಸಿದರು. "ಒಲಿ ಚಲೋ ಆಗೇತಿ, ನೀಲವ್ವ," ಎಂದರು. ಕೊಟ್ಟ ಚಹಾ ಕುಡಿದರು. ಹೊರಗೆ ಬಂದು ನನಗೆ ಪಿಸುಗುಟ್ಟಿದರು: "ಆಕಿಗೆ ಹೇಳಬ್ಯಾಡ್ರಿ. ಕೆರಿ ನಡುವಿಂದು ಇನ್ನಷ್ಟು ದಿನ ಬಿಡಸಿ ಕೊಡ್ರಿ, ಸಾಕು."

ಕೆರೆಯಲ್ಲಿ ಆಗಲೇ ಜನ ಸೇರಿತ್ತು. ಪಡುವಣಕ್ಕೆ ಮೋಡ ಕಟ್ಟಿತ್ತು; ಒಂದು ದೊಡ್ಡ ಮಳೆ ಬಿದ್ದರೆ ಹೂಳೂ ಇಲ್ಲ, ಮೇಡಂ ಕೌದಿಯೂ ಇಲ್ಲ. ನಾನು ಚನ್ನಪ್ಪನ ಹೆಗಲ ಮೇಲೆ ಕೈ ಹಾಕಿದೆ. ದಂಡೆಯಿಂದ ಶುರು ಮಾಡೋಣ ಎಂದೆ, ಗಾಡಿ ಹೂತೀತು ಎಂದೆ, ನನಗೆ ಬರುವ ಪಟ್ಟುಗಳನ್ನೆಲ್ಲ ಹಾಕಿದೆ.

"ಸಾಬ್ರ, ನಿಮ್ಮ ಡೌಲು ಬೈಲಹೊಂಗಲದಾಗ ಇಟ್ಕೋರಿ," ಎಂದ ಚನ್ನಪ್ಪ. "ನಡುವಿನ ಮಣ್ಣ ಬಂಗಾರ. ಅದನ್ನ ಬಿಟ್ಟು ದಂಡಿ ಕೆರೀಲೇನು?"

ಆಗ ನೀಲವ್ವ ಬುತ್ತಿ ಹೊತ್ತು ಬಂದಳು. ನೀನು ಒಲೆಗೆ ಮೆತ್ತಿದ್ದೇ ಮೇಡಂಗೆ ಬೇಕಾಗಿದ್ದ ಮಣ್ಣು ಎಂದು ನಾನು ಹೇಳಿಬಿಟ್ಟೆ. ಬೇರೆ ದಾರಿ ಇರಲಿಲ್ಲ, ಇವತ್ತಿಗೂ ಹೇಳಿದ್ದು ಸರಿಯೆಂದೇ ನನ್ನ ಲೆಕ್ಕ.

ನೀಲವ್ವ ಬುತ್ತಿ ಇಳಿಸಿ ನಿಂತಳು. ಆಮೇಲೆ ನೇರ ಕೆರೆಯ ನಡುವೆ ನಡೆದು ಹೋಗಿ ಅಲ್ಲೇ ಕುಳಿತುಬಿಟ್ಟಳು. "ನೋಡ್ರಿ, ಇದು ಬಾಯಾರದು. ಇಲ್ಲಿ ಗುದ್ದಲಿ ಹಾಕಿದಾಂವ ನನ್ನ ಕೈಯಾನ ರೊಟ್ಟಿ ಮರೀಬೇಕು!"

ಚನ್ನಪ್ಪ ನನ್ನ ಮುಖ ನೋಡಿದ, ಬುತ್ತಿಯ ಮುಖ ನೋಡಿದ. "ದಂಡಿಯಿಂದ ಹಚ್ಚರ್ಯೋ," ಎಂದು ಕೂಗಿದ.

ಮೇಡಂ ಮತ್ತೆ ಪೈಪು ಇಳಿಸಿದರು. ಮಳೆಗೆ ಮೊದಲು ಕೆಲಸ ಮುಗಿಯಿತು. ದಾರಿಯುದ್ದಕ್ಕೂ ನನ್ನ ಮೇಲೆ ಸಿಟ್ಟು. "ಇನ್ನ ಆಕಿ ಒಲಿ ಮುಂದ ಕುಂತಾಗೊಮ್ಮೆ ಮನಸಿಗೆ ಹಚ್ಕೋತಾಳ. ಯಾಕ ಹೇಳಿದ್ರಿ?" ಅವರ ಮಣ್ಣು ಟ್ರೇಲರಿನಲ್ಲಿ ಭದ್ರವಾಗಿತ್ತು, ಅವರ ಚಿಂತೆ ಒಲೆಯ ಹತ್ತಿರವಿತ್ತು.

ಮುಂದೊಂದು ಬೇಸಿಗೆಯಲ್ಲಿ ಅವರೇ ಬಂದು, ನೀಲವ್ವನ ಪಕ್ಕ ಕುಳಿತು ಊರಿಗೆಲ್ಲ ಹೇಳಿದರು: ತಳದಲ್ಲಿ ಗುಡ್ಡದ ದಟ್ಟ ಅಡವಿಯ ಹೂಪುಡಿ, ಅದರ ಮೇಲೆ ಇದ್ದಲಿಯ ಕರಿ ಗೆರೆ, ಆಮೇಲೆ ಬರೀ ಹುಲ್ಲು. "ನಮ್ಮ ಗುಡ್ಡ ಮೊದಲಿಂದ ಬೋಳ ಇರಲಿಲ್ಲೇನ್ರಿ?" ಎಂದು ಚನ್ನಪ್ಪ ಕೇಳಿದ. "ಇಲ್ಲ," ಎಂದರು ಮೇಡಂ. ಅವನು ಗುಡ್ಡದ ಕಡೆಗೆ ತಿರುಗಿ ಕುಳಿತ.

ಕೊನೆಯ ಸಲ ಅವರು ಬೈಲಹೊಂಗಲಕ್ಕೆ ನನ್ನಲ್ಲಿಗೆ ಬಂದಾಗ ನಿವೃತ್ತರಾಗಿದ್ದರು, ಸೊರಗಿದ್ದರು. ಹಲ್ಲು ಹೋಗಿವೆ, ಇನ್ನು ಮಣ್ಣಿನ ರುಚಿ ಸಿಗುವುದಿಲ್ಲ ಎಂದು ನಕ್ಕರು.

"ಕೆರಿ ನಡುವ ಬಿಡಿಸಿದ ದಿಬ್ಬ ಐತೇನ್ರಿ?"

"ಐತ್ರಿ. ಸುತ್ತಲೂ ತಗದಾರ, ಅದೊಂದ ನಿಂತೇತಿ. ನಿಮ್ಮ ಕೆಲಸ ಮುಗದೇತಲ್ರಿ, ಇನ್ನ್ಯಾಕ?"

"ನಾ ಕೇಳಿದ್ದಕ್ಕ ಅದು ಹೇಳೇತಿ. ಮುಂದ ಬರೋರ ಕಡೆ ನನಗಿಂತ ಚಲೋ ಪ್ರಶ್ನೆ ಇರತಾವ. ಅವರಿಗೆ ಇರ್ಲಿ."

ಎದ್ದು ಬಾಗಿಲ ತನಕ ಹೋಗಿ ತಿರುಗಿ ನೋಡಿದರು. "ಈ ಸಲನೂ ಕರಿಯೂದಿಲ್ಲೇನು?" ಕರೆದೆ. ಇನ್ನೊಂದು ಚಹಾ ಕುಡಿದು ಹೋದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಆ ಸುದ್ದಿಯ ಜೊತೆಗೆ, ದಿಬ್ಬ ಮುಂದೆ ಬರುವವರಿಗೆ ಇರಲಿ ಎಂದ ಅವರ ಮಾತನ್ನೂ ನೀಲವ್ವನಿಗೆ ಮುಟ್ಟಿಸಿದೆ.

ಮೊನ್ನೆ ನಾನು ಚನ್ನಪ್ಪನ ಮನೆಯಲ್ಲಿದ್ದಾಗ, ಅಗೆಯುವ ದೊಡ್ಡ ಯಂತ್ರ ತಂದ ಗುತ್ತಿಗೆದಾರನೊಬ್ಬ ಬಂದು ಕೆರೆಯನ್ನು ಪೂರ್ತಿ ಬಳಿಯುವ ಮಾತು ತಂದ. ಮಣ್ಣು ಹೊರುವ ಕೆಲಸ ನನಗೇ ಕೊಡುತ್ತೇನೆಂದ. ನಡುವಿನ ದಿಬ್ಬ ಬಿಟ್ಟು ಮಾತಾಡು ಎಂದೆ.

"ಯಾಕ್ರಿ, ಯಾರದು ಅದು?"

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನೀಲವ್ವ ಮೊರದಿಂದ ತಲೆ ಎತ್ತದೆ ಹೇಳಿದಳು:

"ಅವರಿನ್ನೂ ಬಂದಿಲ್ಲ."