ವಾಕ್ಸಾಲ್ ಗಾರ್ಡನ್ನಿನ ಸೈಟು

ನನಗಾಗ ಎಪ್ಪತ್ತೊಂದು, ಮೂರು ವರ್ಷದ ಹಿಂದಿನ ಮಾತು. ಕರೂರಿನ ಕಾರ್ಖಾನೆಗಳ ಹಿಂದೆ ಬಾಡಿಗೆ ಕೋಣೆಯಲ್ಲೇ ಮುದುಕಿಯಾದ ನನ್ನ ತಂಗಿ ಗಂಗವ್ವ, ಸ್ವಂತ ಸೈಟು ಹಿಡಿಯುತ್ತೇನೆಂದು ನನ್ನನ್ನೂ ಬಸ್ಸು ಹತ್ತಿಸಿ ಪಕ್ಕದ ಹರಿಹರಕ್ಕೆ ಕರೆದೊಯ್ದಳು. ಬಡಾವಣೆಯ ಹೆಸರು ವಾಕ್ಸಾಲ್ ಗಾರ್ಡನ್.

ಸೈಟಿನ ಪಕ್ಕದ ಆಫೀಸಿನ ಗೋಡೆಯಲ್ಲಿ ಕಟ್ಟು ಹಾಕಿದ ಹಳೇ ಚಿತ್ರವೊಂದಿತ್ತು. ಸಾಲು ಮರ, ಮರಕ್ಕೆಲ್ಲ ದೀಪ, ಕಣಜದಷ್ಟು ಅಗಲದ ಲಂಗ ತೊಟ್ಟ ಹೆಂಗಸರು. ಗಂಗವ್ವ ಚಪ್ಪಲಿ ಬಿಟ್ಟು, ಮುಡಿದ ಹೂವು ತೆಗೆದು ಚಿತ್ರಕ್ಕೆ ಸಿಕ್ಕಿಸಿ, ಕೈಮುಗಿದಳು.

“ಅಕ್ಕಾ, ನೀನೂ ಮುಗಿ. ಈ ಆಫೀಸಿನೋರ ಹಿರೇರು.”

“ಹಿರೇರ ಕೈಯಾಗ ಸೀಸೆ ಐತಲ್ಲೇ,” ಎಂದೆ.

ಮ್ಯಾನೇಜರು ನಕ್ಕ. “ನಮ್ಮೋರಲ್ಲ ಅಜ್ಜಿ. ಲಂಡನ್ನಾಗ ಹಿಂದೆ ಜನ ಮಜಾ ಮಾಡ್ತಿದ್ದ ತೋಟ ಅದು. ಚಿತ್ರ ತಾಮ್ರದ ತಗಡಿನಾಗ ಕೊರೆದು ಅಚ್ಚು ಹಾಕಿದ್ದು. ಆ ತೋಟದ ಹೆಸರೇ ಇಲ್ಲಿಗೆ ಇಟ್ಟೀವಿ.”

“ಹೆಸರು ತಂದ್ರಿ. ಮರ ಯಾವಾಗ ತರ್ತೀರಿ?” ಎಂದು ಕೇಳಿದೆ.

ಅವನು ಕಿಟಕಿಯತ್ತ ಕೈ ತೋರಿಸಿದ. ಹೊರಗೆ ಮೆಕ್ಕೆಜೋಳದ ಕೂಳೆ, ನಡುನಡುವೆ ಸುಣ್ಣ ಬಳಿದ ಕಲ್ಲು. “ಬರ್ತಾವ್ರಿ.”

“ನಡಿಯೇ, ಬ್ಯಾಡ,” ಎಂದು ತಂಗಿಯ ಕೈ ಹಿಡಿದೆ. ಅವಳು ಕೊಸರಿಕೊಂಡಳು.

“ಬಾಡಿಗೆ ಮನ್ಯಾಗ ಗೋಡೆಗೆ ಒಂದು ಮೊಳೆ ಹೊಡ್ಯಾಕೂ ಇನ್ನೊಬ್ರನ್ನ ಕೇಳ್ಬೇಕು. ನನಗೆ ಮರ ಬ್ಯಾಡಕ್ಕಾ, ಜಾಗ ಬೇಕು,” ಎಂದು ಮುಂಗಡ ಕೊಟ್ಟೇಬಿಟ್ಟಳು. ಬಸ್ಸಿನಲ್ಲಿ ನಾನು ಅವಳ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತೆ.

ಮರುದಿನ ಬೆಳಗ್ಗೆ ಒಬ್ಬಳೇ ಹರಿಹರಕ್ಕೆ ಹೋಗಿ, ಯಾರನ್ನೂ ಕೇಳದೆ, ಅವಳ ಸೈಟಿನ ನಾಲ್ಕೂ ಮೂಲೆಗೆ ಕುಂಬಳದ ಬೀಜ ಊರಿ ಬಂದೆ.