ಕೊರಳಿನಿಂದ ಶುರುವಾದ ಸ್ವೆಟರ್

ಹೆಣಿಗೆ ಹಿಡಿದು ಕುಳಿತರೆ ಮಾವಶಿಯ ತುಟಿಗಳ ನಡುವೆ ಒಂದು ಕಪ್ಪು ಹೇರ್‌ಪಿನ್ ಇರಲೇಬೇಕು. ಜಡೆಯಂತೆ ಹೊಸೆದು ಬರುವ ಕೇಬಲ್ ಡಿಸೈನಿಗೆ ಕೆಲವು ಕುಣಿಕೆಗಳನ್ನು ಪಕ್ಕಕ್ಕೆ ತೆಗೆದಿಟ್ಟು, ಮುಂದಿನವನ್ನು ಮೊದಲು ಹೆಣೆದು, ಆಮೇಲೆ ತೆಗೆದಿಟ್ಟವಕ್ಕೆ ಬರಬೇಕು. ಅದಕ್ಕೆಂದೇ ಅಂಗಡಿಯಲ್ಲಿ ಸ್ಪೆಷಲ್ ಸೂಜಿ ಸಿಗುತ್ತದೆ. ಮಾವಶಿಗೆ ತಲೆಯ ಪಿನ್ನೇ ಸಾಕಿತ್ತು. ಅದು ಬಾಯಲ್ಲಿರುತ್ತಿದ್ದುದರಿಂದ ಅವರ ಬೈಗುಳವೆಲ್ಲ ಹಲ್ಲು ಕಚ್ಚಿ ಬೈದಂತೆ ಕೇಳಿಸುತ್ತಿತ್ತು. ಎಷ್ಟೋ ಸಲ ನಿಜಕ್ಕೂ ಹಾಗೆಯೇ ಬೈಯುತ್ತಿದ್ದರು.

ಮಾವಶಿ ಎಂದರೆ ಚಿಕ್ಕಮ್ಮ, ಆದರೆ ನನಗೆ ರಕ್ತಸಂಬಂಧವಲ್ಲ. ಮಿರಜದ ನಮ್ಮ ಓಣಿಯಲ್ಲಿ ಎದುರುಮನೆ. ಲಿಂಗನೂರಿನ ರೈತರ ಮಗಳು, ಮಾಧವನಗರದ ಬಟ್ಟೆ ವ್ಯಾಪಾರಿಯ ಹೆಂಡತಿ. ಗಂಡ ಹೋದ ಮೇಲೆ ಮಗನ ಜೊತೆ ಇಲ್ಲಿಗೆ ಬಂದವರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನನ್ನನ್ನು ಕರೆಯುತ್ತಿದ್ದುದು ‘ಕಾನ್ವೆಂಟ್ ಬಾಯಿ’ ಎಂದು, ಅಂದರೆ ಕಾನ್ವೆಂಟಿನಲ್ಲಿ ಓದಿದ ಹೆಂಗಸು. ಸಿಟ್ಟಿಲ್ಲದೆ ಅವರ ಬಗ್ಗೆ ಬರೆಯಬೇಕೆಂದು ಪ್ರಯತ್ನಿಸಿದೆ. ಆಗಲಿಲ್ಲ.

ನಮ್ಮಿಬ್ಬರ ಜಗಳ ಹೆಣಿಗೆಯಿಂದಲೇ ಶುರುವಾದದ್ದು. ಶಾಲೆಯಲ್ಲಿ ಸಿಸ್ಟರ್‌ಗಳು ನನಗೆ ಕಲಿಸಿದ್ದು ಕೆಳಗಿನಿಂದ ಮೇಲಕ್ಕೆ: ಬೆನ್ನು ಬೇರೆ, ಎದೆ ಬೇರೆ, ತೋಳುಗಳು ಬೇರೆ, ಕೊನೆಗೆ ಎಲ್ಲ ಕೂಡಿಸಿ ಹೊಲಿಗೆ. ವೆರಿ ನೀಟ್, ವೆರಿ ಪ್ರಾಪರ್. ಮಾವಶಿ ಕೊರಳಿನಿಂದ ಶುರು ಮಾಡಿ, ಹೆಗಲಿಗೆ ಕುಣಿಕೆ ಹೆಚ್ಚಿಸುತ್ತ, ತೋಳಿನ ಪಾಲನ್ನು ದಾರಕ್ಕೆ ಪೋಣಿಸಿ ಬದಿಗಿಟ್ಟು, ಮೈಯನ್ನು ಸುತ್ತಲೂ ಒಂದೇ ಸಮ ಹೆಣೆಯುತ್ತ ಇಳಿಯುತ್ತಿದ್ದರು. ಎಲ್ಲಿಯೂ ಹೊಲಿಗೆಯಿಲ್ಲ.

“ನಿಮ್ಮ ಸಿಸ್ಟರ್‌ಗೋಳು ಮನಷ್ಯಾನ್ನ ತುಂಡು ತುಂಡು ಮಾಡಿ ಆಮ್ಯಾಲ ಹೊಲಿತಾರೇನ?” ಎಂದು ಪಿನ್ನಿನ ಸಂದಿಯಿಂದ ಕೇಳುತ್ತಿದ್ದರು. “ಮ್ಯಾಲಿಂದ ಹೆಣದ್ರ ನಡುನಡುವ ಹಾಕ್ಕೊಂಡು ನೋಡಬಹುದು. ಎಲ್ಲಿ ಸಾಕು ಅನಸ್ತದ, ಅಲ್ಲೇ ಮುಗಸಬಹುದು. ಉಣ್ಣಿ ನೂಲು ಮುಗೀತು, ಸಾಲಲಿಲ್ಲ ಅಂತ ಅಳೂದು ಬ್ಯಾಡ.”

ಓಣಿಯ ಕೂಸುಗಳಿಗೆಲ್ಲ ಅವರದೇ ಸ್ವೆಟರ್. ತಮಗೆಂದು ಒಂದನ್ನೂ ಹೆಣೆದುಕೊಂಡಿರಲಿಲ್ಲ. ಕಡೆಗೂ ಒಂದು ವರ್ಷ ದೀಪಾವಳಿ ಮುಗಿದ ಮೇಲೆ, ತಮಗೇ ಒಂದು ಹೆಣೆಯಲು ನೂಲು ತರೋಣವೆಂದು ನನ್ನನ್ನು ಎಳೆದುಕೊಂಡು ಸಾಂಗ್ಲಿಯ ಪೇಟೆಗೆ ಹೋದರು. ಅಂಗಡಿಯವನು ದಪ್ಪ ಉಣ್ಣೆ ತೋರಿಸಿದ. “ಕಾಶ್ಮೀರಕ್ಕ ಹೊಂಟಿಲ್ಲಪಾ. ನಮ್ಮ ಥಂಡಿ ಮುಂಜಾನಿ ಚಹಾ ಆರೂತನಕ ಇರ್ತದ” ಎಂದು ಎಲ್ಲಕ್ಕಿಂತ ತೆಳುವಾದ, ಮೋಡದ ಬಣ್ಣದ ನೂಲು ಆರಿಸಿದರು. ಕೇಬಲ್ ಹಾಕಿದರೆ ಸ್ವೆಟರ್ ಭಾರವಾಗುತ್ತದೆಂದು ನಾನು ಲೆಕ್ಚರ್ ಕೊಟ್ಟೆ. “ಎದಿ ಮ್ಯಾಲ ಒಂದೇ ಜಡಿ. ಸಣ್ಣದು. ಲಿಂಗನೂರಾಗ ನಮ್ಮವ್ವ ನನ್ನ ತಲಿಗೆ ಹಾಕತಿದ್ದಳಲ್ಲ, ಹಂಗ” ಎಂದರು. ಶಟಪ್ ಎಂದು ಅವರು ಹೇಳಲಿಲ್ಲ, ಅಷ್ಟೇ.

ಸ್ವೆಟರ್ ಹೆಗಲು ದಾಟುವಷ್ಟರಲ್ಲಿ ಮಾವಶಿಗೆ ಹೊಟ್ಟೆನೋವು ಶುರುವಾಯಿತು. ಮಿರಜದಲ್ಲಿ ಆಸ್ಪತ್ರೆಗೇನು ಬರ. ಮಗ ಒಂದು ಆಸ್ಪತ್ರೆಗೆ ಸೇರಿಸಿದ. ಜೊತೆಗೆ ಕೂರಲು ನಾನು ಹೋಗುತ್ತಿದ್ದೆ. ಒಂದು ದಿನ ಡಾಕ್ಟರು ರೌಂಡಿಗೆ ಬಂದು, ಮಂಚದ ಆಚೆ ನಿಂತಿದ್ದ ಮಗನ ಜೊತೆ ಇಂಗ್ಲಿಷಿನಲ್ಲಿ ಮಾತಾಡತೊಡಗಿದರು. ಮಾವಶಿ ಅವರಿಬ್ಬರ ನಡುವೆ ಮಲಗಿದ್ದರು. ಅಡ್ವಾನ್ಸ್‌ಡ್. ನಥಿಂಗ್ ಮಚ್ ಟು ಡೂ. ಎ ಮ್ಯಾಟರ್ ಆಫ್ ವೀಕ್ಸ್. ಅವರ ಸಾವಿನ ಸುದ್ದಿಯನ್ನು ಅವರ ಮೈಮೇಲಿನಿಂದಲೇ, ಊಟದ ತಟ್ಟೆ ದಾಟಿಸಿದ ಹಾಗೆ, ಆಚೀಚೆ ದಾಟಿಸಿದರು! ಆಮೇಲೆ ಮಗ ಬಗ್ಗಿ, ಕೂಸಿಗೆ ಹೇಳಿದಂತೆ, “ಆಯಿ, ಅಲ್ಸರ್ ಅಂತ. ಎಂಟು ದಿನದಾಗ ಮನಿಗೆ” ಎಂದ. ಡಾಕ್ಟರು ನಕ್ಕರು. ಹೌ ಡೇರ್ ಯು, ಎಂದುಕೊಂಡು ಹೊರಗೆ ನಡೆದೆ.

ಕಾರಿಡಾರಿನಲ್ಲಿ ಮಗ ನನ್ನ ಕೈ ಹಿಡಿದುಕೊಂಡ. “ಕಾಕು, ನಿಮ್ಮ ಕಾಲಿಗೆ ಬೀಳ್ತೇನಿ. ಆಯಿಗೆ ಹೇಳಬ್ಯಾಡ್ರಿ. ಧೈರ್ಯಾ ಕಳಕೋತಾಳ.”

“ಯಾರ ಧೈರ್ಯದ ಮಾತು ಇದು? ಆಕೀದೋ, ನಿಂದೋ?” ಎಂದೆ. ಆತ ಔಷಧಿ ಚೀಟಿ ಹಿಡಿದು ಕೆಳಗಿಳಿದ. ಕೆಟ್ಟವನಲ್ಲ. ಅದೇ ನನಗೆ ಸಿಟ್ಟು ತರಿಸುವುದು. ಯಾರೂ ಕೆಟ್ಟವರಿರಲಿಲ್ಲ. ಸೊಸೆ, ಬೀಗರು, ಬಾಳೆಹಣ್ಣು ಹಿಡಿದು ಬಂದ ನೆಂಟರು, ಎಲ್ಲರೂ ಕೂಡಿ ಪ್ರೀತಿಯಿಂದ ಒಬ್ಬ ಹೆಂಗಸನ್ನು ಅವಳದೇ ಬದುಕಿನಿಂದ ಹೊರಗೆ ನಿಲ್ಲಿಸಿದ್ದರು.

ಮನೆಗೆ ಬಂದ ಮೇಲೆ ಮಾವಶಿ ಮತ್ತೆ ಸೂಜಿ ಹಿಡಿದರು. ಬೆರಳು ಸೋತಿದ್ದವು. ಒಂದು ಸುತ್ತು ಹೆಣೆದು ಕಣ್ಣು ಮುಚ್ಚುವರು. ಒಂದು ಮಧ್ಯಾಹ್ನ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಸ್ವೆಟರನ್ನು ಸೂಜಿ ಸಮೇತ ತಲೆಯಿಂದ ಇಳಿಸಿಕೊಂಡರು. ಅಂಚು ಪಕ್ಕೆಲುಬಿನ ಕೆಳಗೆ ಬಂದು ನಿಂತಿತ್ತು.

“ಸೊಂಟದ ಕೆಳಗತನಕ ಹೆಣೀಬೇಕಂತ ಇತ್ತು. ಹೆಣೀಲೇನ, ಇಲ್ಲೇ ಮುಗಸ್ಲೇನ?”

ನಾನು ಅಂಚನ್ನು ಎಳೆದು ನೇರ ಮಾಡಿದೆ.

ಅವರು ಬಾಯಿಂದ ಪಿನ್ ತೆಗೆದರು. “ಕಾನ್ವೆಂಟ್ ಬಾಯಿ, ಆವತ್ತ ಅವ್ರು ಇಂಗ್ಲಿಷಿನಾಗ ಏನಂದ್ರು? ನಿನಗ ತಿಳದದ. ನಿನ್ನ ಮಾರಿ ನೋಡೇನಿ ನಾ.”

“ಇಲ್ಲೇ ಮುಗಸ್ರಿ ಮಾವಶಿ” ಎಂದೆ. ಆಮೇಲೆ ಕೇಳಿದ್ದೆಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಒಂದು ಶಬ್ದವನ್ನೂ ಮೆತ್ತಗೆ ಮಾಡಲಿಲ್ಲ.

ಅವರು ಅಳಲಿಲ್ಲ. ಮುಖ ಕೆಂಪಾಯಿತು. “ಹಲಕಟ್ ಸೂಳೇಮಕ್ಳು! ಹಂಗಾದ್ರ ಇಷ್ಟು ದಿನ ನನಗ ಆ ಸಪ್ಪನ ಗಂಜಿ ಯಾಕ ಕುಡಿಸ್ಯಾರ?” ಎಂದರು. ನನಗೆ ನಗು ಬಂತು, ಅವರಿಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಅವರು ನೋವಿಗೂ ಹಿಡಿದುಕೊಂಡರು. ಮರುದಿನ ನಾನು ಸೆರಗಿನಡಿ ಜೋಳದ ಭಕ್ಕರಿ, ಹಸಿಮೆಣಸಿನಕಾಯಿ ಕುಟ್ಟಿದ ಖರಡಾ ಮುಚ್ಚಿಕೊಂಡು ಹೋದೆ. ಎರಡು ತುತ್ತು ತಿಂದು, ಲಿಂಗನೂರಿನ ತಂಗಿಯನ್ನು ಕರೆಸಿಕೊಡು ಎಂದರು. ತಂಗಿಯ ಜೊತೆ ಎಷ್ಟೋ ವರ್ಷಗಳಿಂದ ಮಾತಿರಲಿಲ್ಲ. ಆಕೆ ಬಂದಳು. ಕದ ಹಾಕಿಕೊಂಡು ಇಬ್ಬರೂ ಏನು ಮಾತಾಡಿದರೋ, ದಟ್ ವಾಸ್ ನನ್ ಆಫ್ ಮೈ ಬಿಸಿನೆಸ್.

ಆ ವಾರವೇ ಕೆಳಗಿನ ಪಟ್ಟಿ ಹೆಣೆದು ಕುಣಿಕೆಗಳನ್ನು ಮುಚ್ಚಿದರು. ತೋಳುಗಳನ್ನು ಮೊಣಕೈಗೇ ನಿಲ್ಲಿಸಿದರು. ಎದೆಯ ಜಡೆಯನ್ನು ಪಟ್ಟಿಯೊಳಗೆ ಎಷ್ಟು ನಾಜೂಕಾಗಿ ಕರಗಿಸಿದ್ದರೆಂದರೆ, ಮೊದಲಿನಿಂದಲೂ ಇಷ್ಟೇ ಉದ್ದ ಎಂದು ಯೋಚಿಸಿದ್ದರು ಎನಿಸಬೇಕು. ಉಳಿದ ಮುಂಜಾನೆಗಳಲ್ಲಿ ಅದನ್ನು ಹಾಕಿಕೊಂಡು ಬಾಗಿಲಲ್ಲಿ ಕುಳಿತಿರುತ್ತಿದ್ದರು. ಒಮ್ಮೆ ಕೇಳಿದೆ, ಹೇಳಿದ್ದು ತಪ್ಪಾಯಿತೇನು ಎಂದು. “ಥ್ಯಾಂಕ್ಯೂ ಗೀಂಕ್ಯೂ ಅನ್ನಂಗಿಲ್ಲ ನಾ” ಎಂದು ನನ್ನ ಕೈಯನ್ನು ಸ್ವೆಟರಿನ ಮೇಲಿಟ್ಟುಕೊಂಡರು. “ಹಗರ ಆಗೇದಲ್ಲ?”

ಸಂಕ್ರಾಂತಿ ಮುಗಿದು ಸ್ವಲ್ಪ ದಿನಕ್ಕೆ ಹೋದರು.

ಸಾವಿನ ನಂತರ ಮನೆಯವರನ್ನು ಮಾತಾಡಿಸಲು ಹೋದಾಗ ಮನೆ ತುಂಬ ಜನ. ಮಗ ಎಲ್ಲರಿಗೂ ಹೇಳುತ್ತಿದ್ದ: “ಪುಣ್ಯವಂತಳು ನಮ್ಮ ಆಯಿ. ಕಡೀತನಕ ಏನೂ ಗೊತ್ತಾಗ್ಲಿಲ್ಲ.” ಸೊಸೆ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಕಣ್ಣೊರೆಸಿದಳು. “ಪಾಪ, ಅರ್ಧಕ್ಕ ಉಳೀತು ನೋಡ್ರಿ.”

ನಾನು ಅದನ್ನು ಎತ್ತಿಕೊಂಡು ಅಂಚು ತಿರುಗಿಸಿ ಎಲ್ಲರಿಗೂ ಕಾಣುವಂತೆ ಹಿಡಿದೆ. “ಅರ್ಧ ಅಲ್ಲ ಇದು. ಮುಗದದ. ಆಕಿಗೆ ಗೊತ್ತಿತ್ತು. ನಾನೇ ಹೇಳೇನಿ.”

ನನಗೆ ಚಹಾ ಬರಲಿಲ್ಲ. ಇವತ್ತಿಗೂ ಆ ಮನೆಯವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಸಾರಿ ಕೇಳು ಎಂದು ಓಣಿಯವರು ಸಲಹೆ ಕೊಟ್ಟರು. ಐ ವಿಲ್ ನಾಟ್.

ಹೋದ ತಿಂಗಳು ನನ್ನ ಸೊಸೆಗೇ ಹೇಳಿದೆ: “ನನ್ನ ಪಾಳಿ ಬಂದಾಗ ಮುಚ್ಚಿಡಬ್ಯಾಡ್ರಿ. ಡಾಕ್ಟರು ನನ್ನ ಮಾರಿ ನೋಡಿ ನನಗೇ ಹೇಳಬೇಕು.” ಅವಳು ಹಾಲು ಕಾಯಿಸುತ್ತಿದ್ದಳು. ತಿರುಗಿ ಸಿಹಿಯಾಗಿ ನಕ್ಕಳು.

“ಏನರೆ ಮಾತಾಡ್ತೀರಿ ಅತ್ತಿ. ನಿಮಗೇನೂ ಆಗೂದಿಲ್ಲ.”